ಗೋಡೆಗೆ ಹಚ್ಚಿದ ಪಟ್ಟಿ

ಜನರ ಗುಟ್ಟಿನ ಕೀಲಿಯನ್ನು ಸರ್ಕಾರದ ಕೈಗೆ ಕೊಡಬಹುದೇ ಎಂದು ಈಗ ಟಿ.ವಿ.ಯಲ್ಲಿ ದಿನಾ ವಾದ ನಡೆಯುತ್ತದೆ. ಫೋನಿನ ಕೀಲಿಯಂತೆ, ಕಂಪ್ಯೂಟರಿನ ಕೀಲಿಯಂತೆ, ಇನ್ನೂ ಏನೇನೋ. ಕೇಳಿ ಕೇಳಿ ನನಗೆ ಸಾಕಾಗಿದೆ. ಒಂದು ಕಾಲಕ್ಕೆ ಅಂಥ ಒಂದು ಕೀಲಿ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು.

ಅದಿರಿನ ಲಾರಿಗಳು ಹೊಸಪೇಟೆ–ಸಂಡೂರು ರಸ್ತೆಯನ್ನು ಅರೆದು ಹಾಕುತ್ತಿದ್ದ ವರ್ಷಗಳು ಅವು. ಆ ಕಡೆಯ ಒಂದು ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ನಾನು ಗುತ್ತಿಗೆಯ ಮೇಲೆ ಸಮಾಲೋಚಕಿಯಾಗಿದ್ದೆ. ಬಂದವರಿಗೆ ಧೈರ್ಯ ಹೇಳುವುದು, ರಕ್ತ ಕೊಡಲು ಕಳಿಸುವುದು, ಫಲಿತಾಂಶ ಬಂದ ದಿನ ಎದುರಿಗೆ ಕೂತು ಅದನ್ನು ಹೇಳುವುದು ನನ್ನ ಕೆಲಸ. ಕಾಗದದಲ್ಲಿ ಎಲ್ಲೂ ಹೆಸರಿಲ್ಲ, ಬರೀ ನಂಬರು. ಯಾವ ನಂಬರು ಯಾರದು ಎಂಬುದು ಒಂದೇ ಒಂದು ರಿಜಿಸ್ಟರಿನಲ್ಲಿತ್ತು. ಅದು ಕಬ್ಬಿಣದ ಬೀರುವಿನಲ್ಲಿ, ಬೀರುವಿನ ಕೀಲಿ ನನ್ನ ಹತ್ತಿರ.

ಒಬ್ಬಾಕೆ ಪರೀಕ್ಷೆಗೆ ಬಂದಾಗ ಅವಳ ಲಾರಿ ಡ್ರೈವರ್ ಗಂಡ ಸತ್ತು ಮೂರು ತಿಂಗಳಾಗಿತ್ತು. ತನ್ನೂರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದರು. ಫಲಿತಾಂಶ ಹೇಳಿದೆ. ಆಕೆ ಅಳಲಿಲ್ಲ.

"ಅಕ್ಕಾರ, ಇದು ಊರಾಗ ಗೊತ್ತಾದ್ರ ನಾ ಮಾಡಿದ್ದು ಯಾರೂ ಉಣ್ಣಂಗಿಲ್ರಿ. ಸಾಲಿ ಕೆಲಸ ಹೋತಂದ್ರ ಮುಗೀತು."

"ಹೊರಗ ಹೋಗಂಗಿಲ್ಲವ್ವಾ. ನಾ ಅದೀನಲ್ಲ," ಎಂದೆ. ಎಷ್ಟು ಸಲೀಸಾಗಿ ಅಂದೆ ನೋಡಿ.

ಮುಂದಿನ ವರ್ಷ ಮೇಲಿನಿಂದ ಒಂದು ಆದೇಶ ಬಂತು. ಇಂಥ ರೋಗಿಗಳ ಮನೆಗೆ ತಿಂಗಳಿಗಿಷ್ಟು ಅಕ್ಕಿ, ಬೇಳೆ ಪುಕ್ಕಟೆ. ಒಳ್ಳೆಯ ಆದೇಶವೇ, ಸುಳ್ಳೇಕೆ ಹೇಳಲಿ. ತಾಲೂಕು ಆಫೀಸಿನ ಗುಮಾಸ್ತರು ಫೋನ್ ಮಾಡಿ ಹೆಸರು, ಊರು ಕೇಳಿದರು. ನಂಬರು ಮಾತ್ರ ಕೊಡುತ್ತೇನೆ ಎಂದೆ.

"ನಂಬರಿಗೆ ಅಕ್ಕಿ ಅಳದು ಹಾಕಾಕ ಬರತೈತೇನ್ರಿ ಮೇಡಂ? ನಾವೇನು ಕಳ್ಳರೇನ್ರಿ? ಸರ್ಕಾರ ಐತ್ರಿ ಇದು."

ಮಾತು ನ್ಯಾಯವಾಗಿಯೇ ಕಂಡಿತು. ತಿಂಗಳು ತಿಂಗಳು ನಮ್ಮಲ್ಲೇ ಕೊಡುತ್ತಿದ್ದ ಗುಳಿಗೆಗೆ ಬಂದಾಗ ಆಕೆಯನ್ನು ನೋಡುತ್ತಿದ್ದೆನಲ್ಲ, ಸೊರಗಿ ಹೋಗಿದ್ದಳು. ಅಕ್ಕಿ ಬಂದರೆ ಹೊಟ್ಟೆ ತುಂಬ ಉಂಡಾಳು ಅಂದುಕೊಂಡೆ. ಆಕೆಯನ್ನು ಒಂದು ಮಾತು ಕೇಳಲಿಲ್ಲ. ಬೀರು ತೆಗೆದು ಹೆಸರುಗಳನ್ನು ಬರೆದೆ. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ 'ಗೌಪ್ಯ' ಎಂದು ದೊಡ್ಡದಾಗಿ ಬರೆದು, ಅಂಟು ಹಚ್ಚಿ ಕಳಿಸಿದೆ. ಭಾರೀ ಜಾಗ್ರತೆ ನನ್ನದು.

ಲಕೋಟೆ ತಾಲೂಕಿಗೆ ಹೋಯಿತು. ಅಲ್ಲಿ ಊರುವಾರು ಟೈಪಾಗಿ ಪಂಚಾಯಿತಿಗಳಿಗೆ ಹೋಯಿತು. ಯಾವ ಯೋಜನೆಯದೇ ಆಗಲಿ, ಫಲಾನುಭವಿಗಳ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಹಚ್ಚಬೇಕು, ಯಾರೂ ಮುಚ್ಚಿಟ್ಟು ನುಂಗಬಾರದು ಎಂಬುದು ನಿಯಮ. ಆಶ್ರಯ ಮನೆ, ವಿಧವಾ ವೇತನದ ಪಟ್ಟಿಗಳ ಪಕ್ಕದಲ್ಲಿ ನಮ್ಮದನ್ನೂ ಹಚ್ಚಿದರು. ಮೇಲೆ 'ಎಚ್‌ಐವಿ ಪೀಡಿತರಿಗೆ ಉಚಿತ ಪಡಿತರ' ಎಂಬ ತಲೆಬರಹ. ಕೆಳಗೆ ಆ ಊರಿನಿಂದ ಒಂದೇ ಹೆಸರು, ಗಂಡನ ಹೆಸರು ಮತ್ತು ಓಣಿ ಸಮೇತ.

ಮೂರನೇ ದಿನ ಆಕೆ ಕೇಂದ್ರಕ್ಕೆ ಬಂದಳು. ಶಾಲೆಯ ಮಕ್ಕಳೆಲ್ಲ ಮನೆಯಿಂದ ಬುತ್ತಿ ತಂದರಂತೆ. ಆಕೆ ಮಾಡಿದ ಅನ್ನ ಪಾತ್ರೆಯಲ್ಲೇ ಉಳಿಯಿತಂತೆ. ನಾಳೆಯಿಂದ ಬರಬೇಡ ಎಂದು ಹೆಡ್‌ಮಾಸ್ತರು ಹೇಳಿಯಾಗಿತ್ತು. ಆಕೆಯ ಜೊತೆಗೇ ಬಸ್ಸು ಹತ್ತಿ ಹೋದೆ. ಪಂಚಾಯಿತಿ ಕಾರ್ಯದರ್ಶಿ ಕೆಟ್ಟ ಮನುಷ್ಯನಲ್ಲ, ಕುರ್ಚಿ ಹಾಕಿ ಚಹಾ ತರಿಸಿದರು.

"ಹಚ್ಚಲಿಲ್ಲಂದ್ರ ಆಡಿಟ್‌ನಾಗ ನನ್ನ ಹಿಡೀತಾರ್ರಿ. ಇದನ್ನ ಗುಟ್ಟಾಗಿಡು ಅಂತ ನನಗ ಯಾರು ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ನನ್ನ ಕೆಂಪು ಶಾಯಿಯ ಲಕೋಟೆ ತಾಲೂಕಿನಲ್ಲೇ ಕಸದ ಬುಟ್ಟಿ ಸೇರಿತ್ತು. ಬೈಯೋಣವೆಂದರೆ ಬೈಯುವುದಕ್ಕೆ ಒಬ್ಬ ಕಳ್ಳನೂ ಸಿಗಲಿಲ್ಲ. ನಾನೇ ಪಟ್ಟಿಯನ್ನು ಹರಿದು ಹಾಕಿದೆ. ಅಟ್ಟ ಮೇಲೆ ಒಲೆ ಉರಿದರೆ ಏನು ಬಂತು? ಓದುವವರೆಲ್ಲ ಓದಿಯಾಗಿತ್ತು, ಓದು ಬಾರದವರಿಗೆ ಓದಿ ಹೇಳಿಯೂ ಆಗಿತ್ತು.

ಆಕೆ ಪಂಚಾಯಿತಿಯ ಹತ್ತಿರ ಬರದೆ ಬಸ್ ಸ್ಟಾಪಿನಲ್ಲೇ ನಿಂತಿದ್ದಳು.

"ನಾ ಅಕ್ಕಿ ಕೇಳಿದ್ನೇನ್ರಿ ಅಕ್ಕಾರ?" ಇಷ್ಟೇ ಕೇಳಿದಳು. ನಾಚಿಕೆಯಿಂದ ಕುಗ್ಗಿ ಹೋದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಆಕೆ ನಮ್ಮ ಕೇಂದ್ರಕ್ಕೆ ಬರಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಳು ಎಂದು ಕೇಳಿದೆ. ಗುಳಿಗೆ ತಪ್ಪಿದರೆ ಗತಿಯೇನು ಎಂದು ಕೂತಲ್ಲೇ ಬೇಯುತ್ತಿದ್ದೆ.

ಐದಾರು ತಿಂಗಳಾದ ಮೇಲೆ ಕಂಪ್ಲಿ ಕಡೆಯ ಕೇಂದ್ರದ ಹೊಸ ಸಮಾಲೋಚಕಿ ಫೋನ್ ಮಾಡಿದಳು.

"ಮೇಡಂ, ಭತ್ತದ ನಾಟಿಗೆ ಬಂದಾಕಿ ಒಬ್ಬಾಕಿ ಇಲ್ಲಿ ಕುಂತಾಳ್ರಿ. ಜೋಡಿಗೆ ಎರಡು ಹೆಣ್ಣುಮಕ್ಕಳು ಅದಾವ. ಮೊದಲು ಗುಳಿಗಿ ತಗೊಂಡಂಗ ಕಾಣತೈತಿ, ಹೆಸರು ಮಾತ್ರ ಸುಳ್ಳು ಹೇಳಾಕತ್ತಾಳ. ನಿಮ್ಮ ಕಡಿಯಾಕಿ ಏನು? ರಿಜಿಸ್ಟರ್ ನೋಡಿ ಹೇಳ್ರಿ, ಹಳೇ ಕಾಗದ ಕೂಡಿಸಿಬಿಡ್ತೀನಿ."

ಬದುಕಿದ್ದಾಳೆ ಎಂದು ನನಗೆ ಹೋದ ಜೀವ ಬಂದಂತಾಯಿತು. ಹಳೆಯ ಕಾಗದ ಕೂಡಿಸಿದರೆ ಅವತ್ತೇ ಗುಳಿಗೆ ಸಿಗುತ್ತಿತ್ತು. ಇಲ್ಲದಿದ್ದರೆ ಎಲ್ಲ ಪರೀಕ್ಷೆ ಮೊದಲಿನಿಂದ, ಮತ್ತೆ ವಾರಗಟ್ಟಲೆ ಕಾಯಬೇಕು. ಅದು ನನಗೆ ಗೊತ್ತಿತ್ತು, ಸುಳ್ಳು ಹೆಸರು ಹೇಳಿ ಕೂತ ಆಕೆಗೂ ಗೊತ್ತಿತ್ತು.

"ನಮ್ಮಾಕಿ ಅಲ್ಲವ್ವಾ," ಎಂದೆ. "ಆಕಿ ಏನು ಹೆಸರು ಹೇಳ್ತಾಳೋ ಅದನ್ನ ಬರಕೋ."