ಫುಟ್‌ಬಾಲ್ ಆಡುತ್ತಿದ್ದ ಡಾಕ್ಟರರ ಮಗಳು

೨೦೧೩ರಲ್ಲಿ ನಾನು ಪರದೇಶದಲ್ಲಿ, ಉಬಿ ಎಂಬ ಬಡಾವಣೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಟೋವಾ ಪಾಯೋದಲ್ಲಿ ಒಂದು ಬಾಡಿಗೆ ಕೋಣೆ. ಭಾನುವಾರ ಮೈಸೂರಿನ ಮನೆಗೆ ಫೋನ್ ಮಾಡಿದಾಗ ನಾಲ್ಕು ಮಾತು. ಉಳಿದ ದಿನ "ಕಾಲು ಎತ್ತಿ, ಇಳಿಸಿ" ಅನ್ನುವುದನ್ನು ಬಿಟ್ಟರೆ ಬಾಯಿ ಬಿಡುವ ಪ್ರಮೇಯವೇ ಇರಲಿಲ್ಲ.

ವಾರಕ್ಕೆರಡು ಮಧ್ಯಾಹ್ನ ಪಾಸಿರ್ ರಿಸ್‌ನ ಒಂದು ಕಾಂಡೋಗೆ, ಅಂದರೆ ಅಪಾರ್ಟ್‌ಮೆಂಟಿಗೆ, ಹೋಗಬೇಕಿತ್ತು. ಅಲ್ಲಿ ಮಗಳ ಮನೆಯಲ್ಲಿದ್ದ ಸ್ಪೇನ್ ದೇಶದ ಮುದುಕಿಗೆ ಎಂಬತ್ತೈದು ದಾಟಿತ್ತು. ಬಿದ್ದು ಸೊಂಟದ ಆಪರೇಷನ್ ಆಗಿತ್ತು. ಮಗಳು, ಅಳಿಯ ಆಫೀಸಿಗೆ ಹೋದ ಮೇಲೆ ಅವರೊಬ್ಬರೇ. ಇಲ್ಲಿನ ರೂಢಿಯಂತೆ ನಾನು ಅವರನ್ನು ಆಂಟಿ ಅನ್ನುತ್ತಿದ್ದೆ. ಅವರದು ಹರಕು ಇಂಗ್ಲಿಷ್, ಆದರೂ ಅರ್ಥವಾಗುತ್ತಿತ್ತು.

ಮೊದಲ ವಾರ ಅವರು ವ್ಯಾಯಾಮಕ್ಕೆ ಒಪ್ಪಲೇ ಇಲ್ಲ. ಕೊನೆಗೊಂದು ದಿನ ರಬ್ಬರ್ ಚೆಂಡನ್ನು ಪಾದದ ಮುಂದಿಟ್ಟು, "ಮೆಲ್ಲಗೆ ತಳ್ಳಿ ಆಂಟಿ" ಅಂದೆ. ತಳ್ಳಲಿಲ್ಲ, ಒದ್ದರು. ಚೆಂಡು ಸೋಫಾದ ಕೆಳಗೆ ಹೋಯಿತು.

"ನಮ್ಮಪ್ಪ ಫುಟ್‌ಬಾಲ್ ಪ್ಲೇಯರ್," ಅಂದರು.

ಅಂದಿನಿಂದ ವ್ಯಾಯಾಮದ ಜೊತೆ ಅಪ್ಪನ ಕತೆ. ನೂರು ವರ್ಷದ ಹಿಂದೆ ಅವರಪ್ಪ ಊರಿನ ತಂಡದಲ್ಲಿ ಆಡುತ್ತಲೇ ಡಾಕ್ಟರಿಕೆ ಓದಿದರಂತೆ. ಪಂದ್ಯಕ್ಕೆ ಹೋಗುವ ರೈಲಿನಲ್ಲಿ ಉಳಿದವರು ಹಾಡುತ್ತಿದ್ದರೆ ಇವರು ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದರಂತೆ. ಡಿಗ್ರಿ ಬಂದ ವರ್ಷವೇ ಆಟ ಬಿಟ್ಟು, ಗುಡ್ಡಗಾಡಿನ ಹಳ್ಳಿಯೊಂದಕ್ಕೆ ಡಾಕ್ಟರಾಗಿ ಹೋದರು.

"ಅಷ್ಟು ಜನ ಚಪ್ಪಾಳೆ ಹೊಡೀತಿದ್ರು. ಅವ್ರಿಗೆ ಬೇಜಾರಾಗ್ಲಿಲ್ವಾ?" ಎಂದು ಕೇಳಿದೆ.

"ಚಪ್ಪಾಳೆ ಮಿಸ್ ಆಗ್ಲಿಲ್ಲ. ಆಟದಲ್ಲಿ ಜೊತೆಗೆ ಹತ್ತು ಜನ ಇರೋರು, ಈಗ ಒಬ್ನೇ ಹೋಗ್ತೀನಿ, ಒಬ್ನೇ ಬರ್ತೀನಿ ಅನ್ನೋರು. ಹುಷಾರಾದವ್ರು ಯಾರೂ ಡಾಕ್ಟರನ್ನ ಕರೆಯಲ್ಲ, ಅಲ್ವಾ?"

ನಾನು ಅವರ ಮಂಡಿ ಮಡಿಸುತ್ತ ಕೂತೆ.

ಮೂರನೇ ತಿಂಗಳು, ಬಸ್ಸಿನಿಂದ ಇಳಿಯುವಾಗ ಅವರನ್ನು ಕಂಡೆ. ಬ್ರೆಡ್ ಹಿಡಿದು, ಕೋಲಿಲ್ಲದೆ, ಚುರುಕಾಗಿ ಮನೆ ಕಡೆ ನಡೆಯುತ್ತಿದ್ದರು. ಹತ್ತು ನಿಮಿಷದ ಮೇಲೆ ನಾನು ಬೆಲ್ ಒತ್ತಿದಾಗ ಕೋಲೂರಿ ಕುಂಟುತ್ತ ಬಂದು ಬಾಗಿಲು ತೆಗೆದರು. "ಇನ್ನೂ ನೋವಿದೆ," ಅಂದರು. ರಿಪೋರ್ಟಿನಲ್ಲಿ ಹಾಗೆಯೇ ಬರೆದೆ. ಮುಂದಿನ ಸಲವೂ ಬರೆದೆ. ಅವರಿಗಾಗಿ ಎಂದು ಸಮಾಧಾನ ಹೇಳಿಕೊಂಡೆ. ನಿಜವಾಗಿ ಆ ಮಧ್ಯಾಹ್ನಗಳು ನನಗೂ ಬೇಕಿದ್ದವು.

ಮೂರನೇ ಸಲ ಬರೆಯಲು ಕೈ ಬರಲಿಲ್ಲ.

"ಆಂಟಿ, ನೀವು ಅಂಗಡಿಯಿಂದ ನಡ್ಕೊಂಡು ಬರೋದನ್ನ ನೋಡಿದೆ."

ಅವರು ನಾಚಿದರು, ಆಮೇಲೆ ನಕ್ಕರು. ಕೋಲನ್ನು ಗೋಡೆಗೆ ಒರಗಿಸಿ, ಹಾಲಿನ ಆ ತುದಿಯವರೆಗೆ ಹೋಗಿ ಬಂದು ತೋರಿಸಿದರು. "ಸರಿ, ಕೇಸ್ ಕ್ಲೋಸ್ ಮಾಡು. ಸಂಡೇ ಊಟಕ್ಕೆ ಬಾ."

ಹೋದೆ. ಮಗಳು ನನಗಾಗಿ ಮಾಂಸ ಹಾಕದೆ ಬೇರೆ ಅನ್ನ ಮಾಡಿ ಪ್ರೀತಿಯಿಂದ ಬಡಿಸಿದರು. ಸ್ವಲ್ಪ ಹೊತ್ತಿಗೆ ಮಾತು ಅವರ ಭಾಷೆಗೆ ಹೊರಳಿತು. ಆಂಟಿ ಕೈಯಾಡಿಸುತ್ತ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಅವರು ಅಷ್ಟು ಮಾತಾಡಬಲ್ಲರು ಎಂದು ನನಗೆ ಗೊತ್ತೇ ಇರಲಿಲ್ಲ. ಅರ್ಥವಾಗದಿದ್ದರೂ ನಾನೂ ನಕ್ಕೆ.

ಹೊರಡುವಾಗ ಆಂಟಿ ಮತ್ತೆ ಬಾ ಅಂದರು. ಹೂಂ ಅಂದೆ. ಹೋಗಲಿಲ್ಲ. ಆ ಮಧ್ಯಾಹ್ನಗಳಿಗೆ ಕ್ಲಿನಿಕ್‌ನವರು ಬೇರೊಬ್ಬ ಪೇಷಂಟನ್ನು ಕೊಟ್ಟರು. ಆ ಮನೆಗೆ ಎಂ.ಆರ್.ಟಿ. ರೈಲಿನಲ್ಲಿ ಎದುರು ದಿಕ್ಕಿಗೆ ಹೋಗಬೇಕಿತ್ತು.