ಯಾವ ಮಾತಿಗೆ ‘ಬ್ಯಾಡ’

ಅಕ್ಕನ ಮರುಮದುವೆಯ ಮಾತು ಎದ್ದಾಗ ನಾವು ಒಡಹುಟ್ಟಿದ ನಾಲ್ವರೂ ಬೇರೆ ಬೇರೆ ಊರಲ್ಲಿದ್ದೆವು. ಅಣ್ಣ ಸೊಲ್ಲಾಪುರದ ಗಿರಣಿಯೊಂದರಲ್ಲಿ ನೌಕರ, ತಮ್ಮ ಹೈದರಾಬಾದಿನಲ್ಲಿ, ನಾನು ಕಲಬುರಗಿಯ ಒಂದು ಕಾಲೇಜಿನ ಕಚೇರಿಯಲ್ಲಿ ಟೈಪಿಸ್ಟ್. ಅಕ್ಕ ಕಮಲಾಪುರದಲ್ಲಿ ಅಂಗನವಾಡಿ ನಡೆಸುತ್ತ ಅಪ್ಪ ಬಿಟ್ಟುಹೋದ ಮನೆಯಲ್ಲೇ ಇದ್ದಳು. ಗಂಡ ತೀರಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಆ ಊರ ಶಾಲೆಯ ಮಾಸ್ತರರೊಬ್ಬರು, ಅವರೂ ಹೆಂಡತಿಯನ್ನು ಕಳೆದುಕೊಂಡವರು, ತಾವೇ ಮನೆಗೆ ಬಂದು ಕೇಳಿದ್ದರು.

"ಅಣ್ಣ ಹೂಂ ಅಂದ್ರ ನಂದೂ ಹೂಂ," ಅಂದಳು ಅಕ್ಕ. "ನನಗ ಅವನ್ನ ಕೇಳಾಕ ಆಗೂದಿಲ್ಲ. ನೀನ ಬರಿ."

ಎರಡು ಸಾವಿರದ ಇಸವಿ ದಾಟಿದ ಹೊಸತು. ಫೋನು ದುಬಾರಿಯೆಂದು ತಮ್ಮ ನಮಗೆಲ್ಲ ಇಮೇಲ್ ಖಾತೆ ಮಾಡಿಕೊಟ್ಟಿದ್ದ. ಭಾನುವಾರ ನಾನು ಸೂಪರ್ ಮಾರ್ಕೆಟ್‌ನ ಸೈಬರ್ ಕೆಫೆಗೆ ಹೋಗಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ, ಬಂದದ್ದನ್ನು ಪ್ರಿಂಟ್ ತೆಗೆಸಿಕೊಂಡು ಕಮಲಾಪುರದ ಬಸ್ ಹತ್ತುತ್ತಿದ್ದೆ. ವಾರವಿಡೀ ಟೈಪು ಮಾಡಿದ ಬೆರಳುಗಳಿಗೆ ಭಾನುವಾರವೂ ರಜೆ ಇರಲಿಲ್ಲ.

ಆ ದಿನಗಳಲ್ಲಿ ತಮ್ಮ ‘ಕಮಲಾಪುರ’ ಎಂಬ ತಲೆಬರಹ ಕೊಟ್ಟು, ಮನೆಯ ಹಿಂಭಾಗ ಕೆಡವಿ ಬಾಡಿಗೆಗೆ ಖೋಲಿ ಕಟ್ಟಿಸೋಣವೇ ಎಂದು ಎಲ್ಲರಿಗೂ ಬರೆದಿದ್ದ. ಅದೇ ತಲೆಬರಹದಡಿ ನಾನು ಅಕ್ಕನ ವಿಷಯ ಬರೆದೆ. ಕೆಫೆಯ ಪರದೆ ಪತ್ರಗಳನ್ನು ಬಂದ ಹೊತ್ತಿನ ಪ್ರಕಾರ ಒಂದರ ಕೆಳಗೊಂದು ಪೇರಿಸುತ್ತಿತ್ತು. ಮರುವಾರ ನೋಡಿದರೆ ನನ್ನ ಪತ್ರದ ಕೆಳಗೇ ಅಣ್ಣನ ಉತ್ತರ: "ಬ್ಯಾಡ. ಇದ್ದದ್ದು ಇದ್ದಂಗ ಇರಲಿ. ಅಪ್ಪ ಇದ್ದಿದ್ರ ಒಪ್ಪತಿದ್ದಿಲ್ಲ."

ಅದನ್ನು ಓದಿ ಅಕ್ಕ ಹಾಳೆಯನ್ನು ಮಡಚಿಟ್ಟಳು. ಅಳಲಿಲ್ಲ. "ಮಾಸ್ತರಿಗೆ ಇವತ್ತ ಹೇಳಿಬಿಡ್ತೀನಿ," ಎಂದು ಸೆರಗು ಸರಿಮಾಡಿಕೊಂಡು ಹೊರಟಳು. ನಾನು ಕಲಬುರಗಿಗೆ ಮರಳಿ ಅಣ್ಣನಿಗೆ ಒಂದೇ ಸಾಲು ಬರೆದೆ: ಅಕ್ಕ ಮದುವೆ ಬೇಡವೆಂದಳು. ಅವನಿಂದ ಉತ್ತರ ಬರಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಮಾಸ್ತರರು ವರ್ಗ ಮಾಡಿಸಿಕೊಂಡು ಹುಮನಾಬಾದಿನ ಕಡೆ ಹೋದರು. ಅಲ್ಲೇ ಮದುವೆಯಾದರೆಂಬ ಸುದ್ದಿಯೂ ಬಂತು. ಅಣ್ಣನ ಮಾತು ಬಂದರೆ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು.

ಮುಂದೆ ನಮ್ಮ ಕಚೇರಿಗೂ ಇಂಟರ್‌ನೆಟ್ ಬಂತು. ಕಂಪ್ಯೂಟರ್ ವಿಭಾಗದ ಮೇಡಂ ಒಬ್ಬರು ನನ್ನ ಯಂತ್ರದಲ್ಲಿ ಬೇರೊಂದು ಮೇಲ್ ಪ್ರೋಗ್ರಾಮ್ ಹಾಕಿಕೊಟ್ಟರು. ಹಳೆಯ ಪತ್ರಗಳೆಲ್ಲ ಅದರೊಳಗೆ ಇಳಿದವು. ಆದರೆ ಸಾಲಾಗಿ ಇರಲಿಲ್ಲ. ಕೆಲವು ಬಲಕ್ಕೆ ಸರಿದು, ಗೆರೆಗಳಿಗೆ ಜೋತುಕೊಂಡು ನಿಂತಿದ್ದವು.

"ಇದು ಯಾಕ ಹಿಂಗ ಕಾಣಸ್ತದ ರೀ?" ಅಂದೆ.

"ಯಾವ ಪತ್ರ ತೆರೆದು ಉತ್ತರ ಕೊಟ್ಟಿರ್ತಾರೋ ಅದರ ಕೆಳಗ ಕೂಡಸ್ತದ ರೀ," ಅಂದರು. "ಯಾರು ಯಾರಿಗೆ ಅಂದ್ರು ಅಂತ ತಿಳೀತದ."

‘ಕಮಲಾಪುರ’ವನ್ನು ಬಿಚ್ಚಿ ನೋಡಿದೆ. ಅಣ್ಣನ ‘ಬ್ಯಾಡ’ ಮನೆ ಕೆಡವುವ ತಮ್ಮನ ಪತ್ರಕ್ಕೆ ಜೋತುಬಿದ್ದಿತ್ತು. ನನ್ನ ಪತ್ರದ ಕೆಳಗೆ ಏನೂ ಇರಲಿಲ್ಲ. ಎರಡೂ ಪತ್ರಗಳನ್ನು ಮತ್ತೊಮ್ಮೆ ತೆರೆದು ಓದಿದೆ.

ಸಂಜೆ ಎಸ್‌ಟಿಡಿ ಬೂತಿನಿಂದ ಅಣ್ಣನಿಗೆ ಫೋನ್ ಮಾಡಿದೆ.

"ನಾ ಮನಿ ಕೆಡವೂದು ಬ್ಯಾಡ ಅಂದಿದ್ದೆ!" ಎಂದು ಅವನು ಕೂಗಿದ. "ಆಕಿ ಮದುವಿ ವಿಷಯ ಊರಿಗೆ ಬಂದು ಕೂತು ಮಾತಾಡೂಣು ಅಂತಿದ್ದೆ. ಅಷ್ಟರಾಗ ಆಕಿನ ಬ್ಯಾಡ ಅಂದಾಳ ಅಂತ ನೀ ಬರದಿ. ಆಕಿ ಮನಸು ಅಂತ ಸುಮ್ಮನಾದೆ."

ಮರುದಿನವೇ ಅವನು ರೈಲು ಹತ್ತಿ ಬಂದ. ಇಬ್ಬರೂ ಕಮಲಾಪುರಕ್ಕೆ ಹೋದೆವು. ಅಕ್ಕ ನಿಂತೇ ಎಲ್ಲವನ್ನೂ ಕೇಳಿಸಿಕೊಂಡಳು.

"ಆಗ ಒಂದ ಮಾತು ನನ್ನ ಕೇಳಬಾರದಾಗಿತ್ತೇನು, ಅಣ್ಣಾ?"

"ನೀನ ಒಲ್ಲೆ ಅಂದ ಮ್ಯಾಲ ಏನಂತ ಕೇಳ್ಲಿ?"

"ನನಗೂ ಹಂಗ ಅನಿಸ್ತು. ನೀನ ಬ್ಯಾಡ ಅಂದ ಮ್ಯಾಲ ಏನಂತ ಕೇಳ್ಲಿ ಅಂತ."

ಅಣ್ಣ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಸಿದ. "ನಾ ಹೋಗಿ ಆ ಮಾಸ್ತರಿಗೆ ತಿಳಿಸಿ ಹೇಳ್ಲೇನು?" ಎಂದ.

"ಈಗ ಹೋಗಿ, ಪಾಪ, ಆ ಹೊಸ ಹೆಂಡತಿ ಮುಂದ ಏನು ಹೇಳ್ತಿ?" ಅಂದಳು ಅಕ್ಕ. ಆಮೇಲೆ ಅವಳ ದನಿ ಒಡೆಯಿತು. ಗಂಡ ಸತ್ತ ಮೇಲೆ ಅವಳು ಹಾಗೆ ಅತ್ತದ್ದನ್ನು ನಾನು ಅಂದೇ ನೋಡಿದ್ದು. ಅಣ್ಣ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನ ಮೇಲೆ ಕೈಯಿಟ್ಟ. ಕೊನೆಗೆ ಅವಳೇ ಮುಖ ತೊಳೆದು ಬಂದು ಅವನಿಗೆ ಚಹಾ ಮಾಡಿಕೊಟ್ಟಳು; ಎಷ್ಟೋ ತಿಂಗಳ ಮೇಲೆ ಅವನೊಂದಿಗೆ ಅವನ ಮಕ್ಕಳ ಸುದ್ದಿ ಮಾತಾಡಿದಳು.

ಅಣ್ಣ ತಂಗಿ ಒಂದಾದರು. ಮದುವೆಯ ಮಾತು ಮಾತ್ರ ಅವಳ ಬಾಳಿನಲ್ಲಿ ಮತ್ತೆ ಬರಲಿಲ್ಲ. ಆಮೇಲೆ ಒಮ್ಮೆ ನಾನೇ ಕೆದಕಿದಾಗ, ಅಂಗನವಾಡಿಯ ಚಾಪೆ ಜಾಡಿಸುತ್ತಿದ್ದವಳು ಕೈ ನಿಲ್ಲಿಸದೆ ಅಂದಳು: "ಒಮ್ಮೆ ಆಸೆ ಪಡಾಕ ಅಷ್ಟು ಧೈರ್ಯ ಬೇಕಾಗಿತ್ತು. ಇನ್ನೊಮ್ಮೆ ಎಲ್ಲಿಂದ ತರ್ಲಿ?"