ಪಾಸ್ಟರ್ ಕಾಲ ಬಳಿ ಇಟ್ಟ ಎರಡು ಪಾರಿವಾಳ

ಸೇಡು ಒಳ್ಳೆಯದಲ್ಲ ಎಂದು ನನಗೂ ಗೊತ್ತು. ಭಾನುವಾರದ ಪಾಠದಲ್ಲಿ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತೇನೆ. ಆದರೂ ಆ ದಿನ ನೆನಪಾದರೆ ಇವತ್ತಿಗೂ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ನನ್ನ ಅವ್ವ ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವವಳು. ಬಣ್ಣದ ನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳುಗಳ ಮೇಲೆ ಬಿಳಿ ಮಚ್ಚೆಗಳಾದವು. ನಮ್ಮ ಸಭೆಯ ಪಾಸ್ಟರ್ ಅವನ್ನು ಎರಡು ಮಾರು ದೂರದಿಂದ ನೋಡಿದರು, ಅಷ್ಟೇ. "ಸ್ವಲ್ಪ ದಿನ ಹೊರಗ ಕುಂಡ್ರವ್ವಾ. ಹಳೇ ಒಡಂಬಡಿಕಿಯೊಳಗ ಕುಷ್ಠದವರಿಗೆ ದೇವರು ಹಂಗ ಹೇಳ್ಯಾನ" ಎಂದರು. ಅವ್ವ ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಕೂತಳು. ಸಭೆಯವರಿಗೆಲ್ಲ ಹಂಚುವ ಪ್ರಭುಭೋಜನದ ರೊಟ್ಟಿಯೂ ಇಲ್ಲ, ದ್ರಾಕ್ಷಾರಸದ ಪಾತ್ರೆಯೂ ಇಲ್ಲ.

ನಾನು ಅವಳನ್ನು ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದೆ. ಅದು ಬಣ್ಣದ ಕೆಮಿಕಲ್ ಮಾಡಿದ ಕಲೆ, ಕುಷ್ಠವಲ್ಲ, ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಪಾಸ್ಟರ್ ಆ ಚೀಟಿ ಓದಿ, ಮಡಚಿ ಜೇಬಿಗೆ ಹಾಕಿಕೊಂಡು, "ನೋಡೂಣು" ಎಂದರು. ಅವರು ನೋಡುತ್ತಿರುವಾಗಲೇ ಎರಡು ಕ್ರಿಸ್‌ಮಸ್ ಬಂದು ಹೋದವು.

ಅವ್ವ ಪ್ರತಿ ಭಾನುವಾರ ಹೋಗಿ ಅದೇ ಕಟ್ಟೆಯ ಮೇಲೆ ಕೂತಳು. ಒಳಗೊಳಗೇ ಉರಿದದ್ದು ನಾನು. ಯಾವ ನಿಯಮ ಹಿಡಿದು ಅವಳನ್ನು ಹೊರಗೆ ಹಾಕಿದರೋ ಅದನ್ನೇ ತೆಗೆದು ಕೂತು ಓದಿದೆ. ಇಸ್ರಾಯೇಲ್ಯರ ಯಾಜಕ ವೈದ್ಯನಲ್ಲ. ವಾಸಿ ಮಾಡುವುದು ಅವನ ಕೆಲಸವಲ್ಲ, ನೋಡುವುದು ಅವನ ಕೆಲಸ. ಸಂಶಯ ಬಂದರೆ ಏಳು ದಿನ ಬಿಟ್ಟು ಮತ್ತೆ ನೋಡಬೇಕು. ಹೊರಗಿದ್ದವನು ಗುಣವಾದನೆಂದರೆ ಯಾಜಕನೇ ಜನರಿರುವ ಪಾಳೆಯ ದಾಟಿ ಅವನಿದ್ದಲ್ಲಿಗೆ ಹೋಗಬೇಕು. ಮಣ್ಣಿನ ಪಾತ್ರೆಯಲ್ಲಿ ಹರಿಯುವ ನೀರು ಹಿಡಿಸಿ, ಅದರ ಮೇಲೆ ಒಂದು ಹಕ್ಕಿಯನ್ನು ಕೊಯ್ಯಿಸಿ, ಇನ್ನೊಂದನ್ನು ಆ ರಕ್ತದಲ್ಲಿ ಅದ್ದಿ ಬಯಲಿಗೆ ಹಾರಿಬಿಡಬೇಕು. ಅವನು ಶುದ್ಧನೆಂದು ಬಾಯಿಬಿಟ್ಟು ಹೇಳಬೇಕು. ನಮ್ಮ ಪಾಸ್ಟರಿಗೆ ಹೊರಗೆ ಹಾಕುವ ಅರ್ಧ ಬಾಯಿಪಾಠ, ಒಳಗೆ ಕರೆಯುವ ಅರ್ಧ ಕಣ್ಣಿಗೇ ಬಿದ್ದಿರಲಿಲ್ಲ.

ಹುನಗುಂದದ ಸಂತೆಯಲ್ಲಿ ಜೋಡಿ ಪಾರಿವಾಳ ಕೊಂಡೆ. ಬಸ್ಸು ಹತ್ತಿ ಕೂಡಲಸಂಗಮಕ್ಕೆ ಹೋಗಿ ಕ್ಯಾನಿನಲ್ಲಿ ಹೊಳೆಯ ನೀರು ತಂದೆ. ಭಾನುವಾರ ಆರಾಧನೆ ಮುಗಿದು ಸಭೆಯವರೆಲ್ಲ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ ಪಾರಿವಾಳದ ಪುಟ್ಟಿ, ನೀರು ತುಂಬಿದ ಮಡಕೆ, ಚಾಕು ಎಲ್ಲವನ್ನೂ ಪಾಸ್ಟರ್ ಕಾಲ ಬಳಿ ಇಟ್ಟೆ.

"ಏನವ್ವಾ ಇದು?"

"ಅವ್ವಗ ರೋಗ ಇಲ್ಲಂತ ಡಾಕ್ಟರ್ ಬರದ ಚೀಟಿ ಎರಡು ವರ್ಷದಿಂದ ನಿಮ್ಮ ಕಡೇನ ಐತ್ರಿ. ಹೊರಗ ಹಾಕೂದು ಮಾಡಿದ್ರಿ, ಉಳಿದದ್ದೂ ಮಾಡ್ರಿ. ಹಕ್ಕಿ ಕೊಯ್ಯಿರಿ."

ಚೀಟಿಯ ಸುದ್ದಿಯನ್ನು ಸಭೆಯವರು ಕೇಳಿದ್ದು ಆಗಲೇ. ಪಾಸ್ಟರ್ ಮುಖ ಕಪ್ಪಿಟ್ಟಿತು. "ಹುಚ್ಚೀ, ಅದೆಲ್ಲಾ ಕ್ರಿಸ್ತನ ರಕ್ತದೊಳಗ ಮುಗದ ಹೋಗೇತಿ. ಆತನ ನಮ್ಮ ಮಹಾಯಾಜಕ. ಈಗ ಯಾವ ಹಕ್ಕೀನೂ ಬ್ಯಾಡ."

ಈ ಮಾತಿಗೇ ನಾನು ಕಾದಿದ್ದೆ. "ಒಳಗ ಕರಿಯೂದು ಮುಗದೈತಿ ಅಂದ್ರ ಹೊರಗ ಹಾಕೂದು ಹ್ಯಾಂಗ ಉಳೀತ್ರಿ?"

ಪಾಸ್ಟರ್ ಸಭೆಯವರ ಕಡೆ ನೋಡಿದರು, ಕಾಲ ಬಳಿಯ ಚಾಕು ನೋಡಿದರು. ನನಗೆ ಎಳ್ಳಷ್ಟೂ ಕನಿಕರವಾಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿರಲಿ ಎನಿಸಿತು. ಸಾಕೆನಿಸುವಷ್ಟು ನೋಡಿ, ಪುಟ್ಟಿಯ ಬಾಯಿ ತೆರೆದು ಎರಡೂ ಪಾರಿವಾಳಗಳನ್ನು ಬಿಟ್ಟು ಮನೆಗೆ ಬಂದೆ.

ಮರುವಾರ ಪಾಸ್ಟರ್ ಚೀಟಿಯನ್ನು ಸಭೆಗೆ ಓದಿ ಹೇಳಿದರು. ಅವ್ವ ಒಳಗೆ ಬಂದು ಪ್ರಭುಭೋಜನಕ್ಕೆ ಎಲ್ಲರಿಗಿಂತ ಮುಂದೆ ಮೊಣಕಾಲೂರಿದಳು. ಅವರು ರೊಟ್ಟಿಯ ತುಣುಕನ್ನು ಬೆರಳ ತುದಿಯಲ್ಲಿ ಹಿಡಿದು ಮೇಲಿನಿಂದ ಅವಳ ಅಂಗೈಗೆ ಬೀಳಿಸಲು ಹೋದರು. ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

"ಯೇಸಪ್ಪ ಕುಷ್ಠದಾಂವನ್ನ ಮೊದಲ ಮುಟ್ಟಿದಾ, ಆಮ್ಯಾಲ ಯಾಜಕನ ಕಡೆ ಕಳಿಸಿದಾ. ನೀವೂ ಮುಟ್ಟರಿ."

ಹೊರಗೆ ಕೂತಂದಿನಿಂದ ಅವಳು ಅವರೊಡನೆ ಆಡಿದ ಮೊದಲ ಮಾತು ಅದು. ಪಾಸ್ಟರ್ ಅಳುಕುತ್ತ ಕೈ ಚಾಚಿದರು. ಅವ್ವ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದು, ಹಿಂದಿನ ಸಾಲಿನವರಿಗೂ ಕಾಣುವ ಹಾಗೆ ಮೇಲೆತ್ತಿದಳು. ಅವರು ಬಿಡಿಸಿಕೊಳ್ಳಲು ನೋಡಿದರು. ಅವ್ವ ಬಿಡಲಿಲ್ಲ.